ಬೆಂಗಳೂರಿನ ಹಳೆ ಸೈಕಲ್ ಗೋಪಾಳದ ಮನೆಗೆ

ಗೇರಿರುವ ಒಳ್ಳೆಯ ಸೈಕಲ್ ಬೇಕು, ಹೊಸದಕ್ಕೆ ಅಷ್ಟೊಂದು ದುಡ್ಡು ಹಾಕುವ ಮನಸ್ಸಿಲ್ಲ ಎನ್ನುವವರು ಶಿವಮೊಗ್ಗದ ನಮ್ಮ ಗೋಪಾಳದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಬೆಳಿಗ್ಗೆ ಆಲ್ಕೊಳ ಸರ್ಕಲ್ ದಾಟಿ ಸಾಗರ ರಸ್ತೆಯಲ್ಲಿ ಒಂದು ಸುತ್ತು ಹೊಡೆಯುವ ಆಸೆ ಕೆಲವರಿಗೆ, ಕಾಲೇಜಿಗೆ ಹೋಗುವ ಮಗನಿಗೋ ಮಗಳಿಗೋ ಕೊಡಿಸುವ ಆಸೆ ಇನ್ನು ಕೆಲವರಿಗೆ. ಊರಿನಲ್ಲಿ ಮನಸ್ಸಿಗೆ ಒಪ್ಪುವಂಥದ್ದು ಸಿಗದಿದ್ದಾಗ ಕಣ್ಣು ಹೋಗುವುದು ಬೆಂಗಳೂರಿನ ಕಡೆಗೆ. ಹುಮ್ಮಸ್ಸಿನಲ್ಲಿ ಕೊಂಡು, ನಾಲ್ಕು ದಿನ ಓಡಿಸಿ, ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ನಿಲ್ಲಿಸಿಬಿಟ್ಟ ಸೈಕಲ್ಲುಗಳು ಅಲ್ಲಿ ಸಾಕಷ್ಟು ಮಾರಾಟಕ್ಕೆ ಬರುತ್ತವೆ.

ಫೋಟೊ ನೋಡಿ, ದರ ಮಾತಾಡಿ, ರಾತ್ರಿ ಬಸ್ಸು ಹತ್ತುವವರೆಗೆ ಎಲ್ಲ ಸುಲಭ. ವೈಟ್‌ಫೀಲ್ಡ್‌ನಲ್ಲೋ ಎಚ್.ಎಸ್.ಆರ್. ಬಡಾವಣೆಯಲ್ಲೋ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತಾಗ ತಲೆ ಕೆಡುತ್ತದೆ. ಇದನ್ನು ಯಶವಂತಪುರಕ್ಕೋ ಮೆಜೆಸ್ಟಿಕ್‌ಗೋ ಮುಟ್ಟಿಸುವುದು ಹೇಗೆ? ನಾನು ಕಂಡಂತೆ ಬೆಂಗಳೂರಿನಿಂದ ಶಿವಮೊಗ್ಗದ ಮುನ್ನೂರು ಕಿಲೊಮೀಟರಿನಲ್ಲಿ ಸೈಕಲ್ಲಿಗೆ ಅಂಥ ತೊಂದರೆಯೇನೂ ಆಗುವುದಿಲ್ಲ. ರಿಮ್ಮು ಸೊಟ್ಟಗಾಗುವುದು, ಗೇರು ಬಾಗುವುದು, ಬಿಡಿಭಾಗ ಕಳೆಯುವುದು ಎಲ್ಲವೂ ಊರೊಳಗಿನ ಇಪ್ಪತ್ತು ಕಿಲೊಮೀಟರಿನಲ್ಲಿ, ಏರಿಸುವ ಇಳಿಸುವ ಗಡಿಬಿಡಿಯಲ್ಲಿ. ಅದಕ್ಕೇ ಹೇಳುತ್ತೇನೆ: ಸೈಕಲ್ಲಿನ ದರ ಮಾತಾಡುವ ಮೊದಲು ಅದು ಊರು ದಾಟುವ ದಾರಿ ಗೊತ್ತುಮಾಡಿಕೊಳ್ಳಿ. ಸಾಗಣೆಯ ಖರ್ಚು ಸೇರಿಸಿದ ಮೇಲೂ ಅಗ್ಗವೆನಿಸಿದರೆ ಮಾತ್ರ ಹೊರಡಿ.

ಗೇರಿಲ್ಲದ ಸಾದಾ ಸೈಕಲ್ಲಿಗಾಗಿ ಬೆಂಗಳೂರಿಗೆ ಹೋಗುವುದಂತೂ ಬೇಡವೇ ಬೇಡ. 2006–07ರಿಂದ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳು ನಮ್ಮ ಜಿಲ್ಲೆಯ ಹಳ್ಳಿಹಳ್ಳಿಯಲ್ಲೂ ಇವೆ. ಸಾದಾ ಸೈಕಲ್ ರಿಪೇರಿ ಮಾಡಿ ಹದಕ್ಕೆ ತರುವವರು ಶಿವಮೊಗ್ಗದಲ್ಲೂ ಭದ್ರಾವತಿಯಲ್ಲೂ ಇದ್ದಾರೆ. ಹತ್ತಿಪ್ಪತ್ತು ಕೆ.ಜಿ. ಕಬ್ಬಿಣವನ್ನು ಅಷ್ಟು ದೂರದಿಂದ ಹೊತ್ತು ತರುವುದರಲ್ಲಿ ಅರ್ಥವಿಲ್ಲ.

ದುಡ್ಡು ಕೊಡುವ ಮೊದಲು

"ನಾನು ಸೇನೆಯಲ್ಲಿದ್ದೇನೆ, ವರ್ಗಾವಣೆಯಾಗಿದೆ, ಅಡ್ವಾನ್ಸ್ ಹಾಕಿದರೆ ಮಿಲಿಟರಿ ಪಾರ್ಸೆಲಿನಲ್ಲಿ ಮನೆಗೇ ಕಳಿಸುತ್ತೇನೆ" ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಇದು ದೇಶದ ತುಂಬ ಹಬ್ಬಿರುವ ಹಳೆಯ ಮೋಸ. ಸೈಕಲ್ ಕಣ್ಣಾರೆ ನೋಡದೆ ಒಂದು ರೂಪಾಯಿಯನ್ನೂ ಹಾಕಬೇಡಿ. ಹಾಕಿ ಮೋಸಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಸೈಬರ್ ವಂಚನೆಗೆಂದೇ ಇರುವ ಸಹಾಯವಾಣಿ ಅದು, ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಹಿಂದೆ ಪುರಸಭೆಯವರು ಸೈಕಲ್ಲಿಗೂ ಲೈಸೆನ್ಸ್ ಕೊಟ್ಟು ಬಿಲ್ಲೆ ಹಾಕಿಸುತ್ತಿದ್ದ ಕಾಲವಿತ್ತು. ಈಗ ಸೈಕಲ್ಲಿಗೆ ನೋಂದಣಿ ಇಲ್ಲ, ಆರ್.ಸಿ. ಪುಸ್ತಕವಿಲ್ಲ. ಇರುವ ಒಂದೇ ಗುರುತು ಫ್ರೇಮ್ ನಂಬರು. ಸೈಕಲ್ಲನ್ನು ತಲೆಕೆಳಗು ಮಾಡಿ ಪೆಡಲ್ ತಿರುಗುವ ಜಾಗದ ತಳ ನೋಡಿದರೆ ಸಾಮಾನ್ಯವಾಗಿ ಅಲ್ಲಿ ಅಚ್ಚೊತ್ತಿರುತ್ತದೆ. ಅದರ ಫೋಟೊ ತೆಗೆಯಿರಿ, ಹಳೆ ಬಿಲ್ ಇದ್ದರೆ ಕೇಳಿ ಪಡೆಯಿರಿ. ಬಿಲ್ ಇಲ್ಲದಿದ್ದರೆ ಮಾರುವವರ ಹೆಸರು, ಫ್ರೇಮ್ ನಂಬರು, ಕೊಟ್ಟ ಮೊತ್ತ, ತಾರೀಖು ಬರೆದು ಸಹಿ ಮಾಡಿದ ಒಂದು ಚೀಟಿ ಸಾಕು. ಅಕ್ಕರೆಯಿಂದ ಇಟ್ಟುಕೊಂಡಿದ್ದ ಸೈಕಲ್ ಮಾರುವವರು ಇದಕ್ಕೆ ಬೇಸರಪಡುವುದಿಲ್ಲ. ನಂಬರನ್ನು ಉಜ್ಜಿ ಅಳಿಸಿದ್ದರೆ ಎಷ್ಟೇ ಅಗ್ಗವಾದರೂ ಬಿಟ್ಟುಬನ್ನಿ. ಕದ್ದ ಮಾಲೆಂದು ಗೊತ್ತಿದ್ದೂ, ಅಥವಾ ಹಾಗೆ ಅನುಮಾನಪಡಲು ಕಾರಣವಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಶಿಕ್ಷೆಯಾಗಬಹುದು. ರೈಲ್ವೆ ಪಾರ್ಸೆಲ್ ಕಚೇರಿಯಲ್ಲಿ "ಇದು ಯಾರ ಸೈಕಲ್?" ಎಂದು ಕೇಳಿದಾಗಲೂ ಕೈಯಲ್ಲಿ ತೋರಿಸಲು ಇರುವುದು ಅದೇ ಚೀಟಿ.

ಮಾರುವವರನ್ನು ಇನ್ನೊಂದು ಮಾತು ಕೇಳಿ: ಸೈಕಲ್ ಬಂದಿದ್ದ ರಟ್ಟಿನ ಪೆಟ್ಟಿಗೆ ಇದೆಯಾ? ಇಲ್ಲದಿದ್ದರೆ ಹತ್ತಿರದ ಸೈಕಲ್ ಅಂಗಡಿಯಲ್ಲಿ ವಿಚಾರಿಸಿ. ಹೊಸ ಸೈಕಲ್ಲುಗಳು ಬರುವ ಪೆಟ್ಟಿಗೆಗಳನ್ನು ಅವರು ಗುಜರಿಗೆ ಹಾಕುತ್ತಾರೆ, ಹಿಂದಿನ ದಿನ ಫೋನ್ ಮಾಡಿ ಹೇಳಿದರೆ ಒಂದನ್ನು ತೆಗೆದಿಡುತ್ತಾರೆ. ಆ ಪೆಟ್ಟಿಗೆ ಸಿಕ್ಕಿತೆಂದರೆ ಮುಂದಿನ ಅರ್ಧ ತಲೆನೋವು ಕಡಿಮೆಯಾದಂತೆ.

ಮೆಟ್ರೊ, ಬಸ್ಸು, ಗೂಡ್ಸ್ ಆಟೊ

ಹೊಸಬರಿಗೆ ಮೊದಲು ಹೊಳೆಯುವುದು ಮೆಟ್ರೊ. ನೇರಳೆ ಮಾರ್ಗ ವೈಟ್‌ಫೀಲ್ಡ್‌ನಿಂದ ಮೆಜೆಸ್ಟಿಕ್‌ಗೆ ನೇರವಾಗಿ ಬರುತ್ತದೆ, ಅಲ್ಲಿ ಹಸಿರು ಮಾರ್ಗ ಹಿಡಿದರೆ ಯಶವಂತಪುರ. ಆದರೆ ಸೈಕಲ್ಲಿಗೆ ಅಲ್ಲಿ ಜಾಗವಿಲ್ಲ. 2022ರ ನವೆಂಬರಿನಲ್ಲಿ ಬಿಎಂಆರ್‌ಸಿಎಲ್ ಅನುಮತಿ ಕೊಟ್ಟಿದ್ದು ಮಡಚುವ ಸೈಕಲ್ಲಿಗೆ ಮಾತ್ರ. ಮಡಚಿದಾಗ ಅದು 60 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 25 ಸೆಂ.ಮೀ. ದಪ್ಪ ಮೀರಬಾರದು, ತೂಕ 15 ಕೆ.ಜಿ. ದಾಟಬಾರದು, ಕೊನೆಯ ಬೋಗಿಯಲ್ಲೇ ಹತ್ತಬೇಕು. 26 ಇಂಚಿನ ಒಂದು ಚಕ್ರವೇ 66 ಸೆಂ.ಮೀ. ಆಗುತ್ತದೆ. ಅಂದಮೇಲೆ ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಹೋದರೂ ತಪಾಸಣೆಯ ಬಳಿ ತಡೆಯುತ್ತಾರೆ. ಕೊಚ್ಚಿ ಮೆಟ್ರೊ 2020ರಲ್ಲೇ ಸಾಮಾನ್ಯ ಸೈಕಲ್ಲುಗಳಿಗೆ ಬಾಗಿಲು ತೆರೆದಿತ್ತು. ಬೆಂಗಳೂರಿನಲ್ಲೂ ಬೆಳಗಿನ ಜಾವ, ಭಾನುವಾರ ಬೋಗಿಗಳು ಖಾಲಿಯಿರುವ ಹೊತ್ತಿನಲ್ಲಾದರೂ ಹಾಗೆ ಮಾಡಬಾರದೇಕೆ ಎಂಬುದು ನನ್ನ ಪ್ರಶ್ನೆ. ಆಗುವವರೆಗೆ ಮೆಟ್ರೊ ನಿಮ್ಮನ್ನು ಸಾಗಿಸುತ್ತದೆ, ಸೈಕಲ್ಲನ್ನಲ್ಲ.

ಬಿಎಂಟಿಸಿ 2020ರಲ್ಲಿ ಹೊರವರ್ತುಲ ರಸ್ತೆಯ ಕೆಲವು ಬಸ್ಸುಗಳ ಮುಂಭಾಗಕ್ಕೆ ಸೈಕಲ್ ಇಡುವ ರ್ಯಾಕ್ ಕೂರಿಸಿತ್ತು. ಒಳ್ಳೆಯ ಯೋಚನೆಯೇ. ಆದರೆ ಅದನ್ನು ನಂಬಿಕೊಂಡು ರೈಲಿನ ಹೊತ್ತು ಗೊತ್ತುಮಾಡಬೇಡಿ.

ಉಳಿದದ್ದು ಗೂಡ್ಸ್ ಆಟೊ ಅಥವಾ ಟಾಟಾ ಏಸ್. ಮೊಬೈಲ್ ಆ್ಯಪಿನಲ್ಲಿ ಕರೆಸಬಹುದು, ಇಲ್ಲವೇ ದೊಡ್ಡ ಸರ್ಕಲ್ಲುಗಳ ಬಳಿ ಬಾಡಿಗೆಗೆ ಕಾದು ನಿಂತವರನ್ನು ಕೇಳಬಹುದು. ಗುರುತಿಲ್ಲದ ಊರಿನಲ್ಲಿ ನಾನು ಸೂಚಿಸುವುದು ಏಸ್. ಅದರ ಕ್ಯಾಬಿನ್ನಿನಲ್ಲಿ ಚಾಲಕರ ಪಕ್ಕ ಒಂದು ಸೀಟಿರುತ್ತದೆ, ನೀವೂ ಸೈಕಲ್ ಜೊತೆಯಲ್ಲೇ ಹೋಗಬಹುದು. ಮೂರು ಚಕ್ರದ ಗಾಡಿಯಲ್ಲಿ ನಿಮಗೆ ಜಾಗವಿರುವುದಿಲ್ಲ. ಅದನ್ನೇ ಹಿಡಿಯುವುದಾದರೆ ಗಾಡಿಯ ನಂಬರ್ ಪ್ಲೇಟು, ಕಟ್ಟಿದ ಸೈಕಲ್ಲು ಎರಡೂ ಕಾಣುವಂತೆ ಒಂದು ಫೋಟೊ ತೆಗೆದುಕೊಂಡು, ಇಳಿಸುವ ಜಾಗದಲ್ಲಿ ಗಾಡಿಗಿಂತ ಮೊದಲೇ ನಿಮ್ಮವರೊಬ್ಬರು ನಿಂತಿರುವಂತೆ ನೋಡಿಕೊಳ್ಳಿ. ಲೋಡಿಂಗ್, ಕಾಯುವ ಹೊತ್ತು, ಟೋಲ್ ಎಲ್ಲ ಸೇರಿ ಎಷ್ಟೆಂದು ಮೊದಲೇ ಮಾತಾಡಿಬಿಡಿ.

ಗಾಡಿ ಬಂದ ಕೂಡಲೇ ಚಾಲಕರು ಸೈಕಲ್ಲನ್ನು ಮಲಗಿಸಲು ನೋಡುತ್ತಾರೆ. ಬೀಳುವ ಭಯವಿಲ್ಲ ಎಂಬುದು ಅವರ ಲೆಕ್ಕ. ಆದರೆ ಬಲಮಗ್ಗುಲಿಗೆ ಮಲಗಿಸಿದರೆ ಇಡೀ ಸೈಕಲ್ಲಿನ ಭಾರ ಹಿಂದಿನ ಗೇರಿನ ಮೇಲೆ ಕೂರುತ್ತದೆ, ಒಂದೆರಡು ಹಂಪು ಹಾರಿದರೆ ಅದು ಒಳಕ್ಕೆ ಬಾಗುತ್ತದೆ. ಆಮೇಲೆ ಗೇರು ಹಾಕುವಾಗ ಕಡ್ಡಿಗೆ ಸಿಕ್ಕಿಕೊಳ್ಳುವ ಅಪಾಯವೂ ಇದೆ. "ಅಣ್ಣ, ನಿಲ್ಸೇ ಕಟ್ಟೋಣ, ಹಗ್ಗ ನಾನೇ ತಂದಿದೀನಿ" ಎಂದು ಹೇಳಿ ನೀವೇ ಮೇಲೆ ಹತ್ತಿ. ಸೈಕಲ್ಲಿನ ಎಡಮಗ್ಗುಲು ಕ್ಯಾಬಿನ್ನಿನ ಹಿಂಬದಿಗೆ ತಾಗುವಂತೆ ನಿಲ್ಲಿಸಿ, ನಡುವೆ ಗೋಣಿಚೀಲವನ್ನೋ ಹಳೆ ಬೆಡ್‌ಶೀಟನ್ನೋ ಇಡಿ. ಚೈನು, ಗೇರು ಇರುವ ಬಲಮಗ್ಗುಲು ಹೊರಗೆ ಬರುತ್ತದೆ, ಆ ಕಡೆ ಬೇರೆ ಸಾಮಾನು ಇರಬಾರದು. ಮುಂದಿನ ಬ್ರೇಕಿನ ಹಿಡಿಯನ್ನು ಹ್ಯಾಂಡಲ್ಲಿಗೆ ಒತ್ತಿ ರಬ್ಬರಿನಿಂದ ಬಿಗಿದುಬಿಟ್ಟರೆ ಚಕ್ರ ಉರುಳುವುದಿಲ್ಲ. ಆಮೇಲೆ ಎರಡು ಕಟ್ಟು, ಸೀಟಿನ ಕೆಳಗಿನ ಪೈಪಿಗೆ ಒಂದು, ಹ್ಯಾಂಡಲ್ಲಿನ ಕೆಳಗೆ ಫ್ರೇಮಿಗೆ ಒಂದು. ಕಡ್ಡಿಗೆ, ಬ್ರೇಕ್ ವಯರಿಗೆ, ಡಿಸ್ಕಿಗೆ ಹಗ್ಗ ಸುತ್ತಲೇಬಾರದು. ಕಟ್ಟಲು ನೈಲಾನ್ ಹಗ್ಗಕ್ಕಿಂತ ಪಂಕ್ಚರ್ ಅಂಗಡಿಯಲ್ಲಿ ಸಿಗುವ ಹಳೆ ಟ್ಯೂಬಿನ ಉದ್ದನೆಯ ಸೀಳು ವಾಸಿ. ಬಣ್ಣ ಕೀಳುವುದಿಲ್ಲ, ಕುಲುಕಿದಾಗ ಹಿಗ್ಗಿ ಮತ್ತೆ ಬಿಗಿಯುತ್ತದೆ. ಕಟ್ಟಿದ ಮೇಲೆ ಸೀಟು ಹಿಡಿದು ಜೋರಾಗಿ ಅಲ್ಲಾಡಿಸಿ ನೋಡಿ. ಸೈಕಲ್ಲಿನ ಜೊತೆ ಗಾಡಿಯೂ ಅಲುಗಿದರೆ ಕಟ್ಟು ಸರಿಯಾಗಿದೆ. ಸೈಕಲ್ ಮಾತ್ರ ಅಲುಗಿದರೆ ಇನ್ನೊಂದು ಸುತ್ತು ಬಿಗಿಯಿರಿ.

ಪರಿಚಯದವರ ಕಾರಿದ್ದರೆ ಎರಡೂ ಚಕ್ರ ಬಿಚ್ಚಿ ಹಿಂದಿನ ಸೀಟಿನಲ್ಲಿ ಫ್ರೇಮ್ ಇಡಬಹುದು. ಬಾಡಿಗೆ ಕ್ಯಾಬಾದರೆ ಬುಕ್ ಮಾಡಿದ ತಕ್ಷಣ ಫೋನಿನಲ್ಲಿ ವಿಷಯ ಹೇಳಿಬಿಡಿ, ಬಾಗಿಲಿಗೆ ಬಂದ ಮೇಲೆ ಜಗಳ ಬೇಡ.

ಇನ್ನು ಓಡಿಸಿಕೊಂಡೇ ಹೋಗುವ ಆಸೆ. ಕೊಂಡ ಸೈಕಲ್ಲಿನ ಬ್ರೇಕು ಹೇಗೆ ಹಿಡಿಯುತ್ತದೆಂದು ನಿಮಗಿನ್ನೂ ಗೊತ್ತಿಲ್ಲ, ಊರೂ ಗೊತ್ತಿಲ್ಲ. ಎರಡೂ ಹೊಸದಾಗಿರುವಾಗ ದೂರ ಓಡಿಸುವುದು ಬೇಡವೆಂದೇ ನನ್ನ ಸಲಹೆ. ಎಂಟ್ಹತ್ತು ಕಿಲೊಮೀಟರಿನೊಳಗಿದ್ದು, ಭಾನುವಾರ ಬೆಳಿಗ್ಗೆ ಏಳರೊಳಗೆ ಮುಗಿಸುವಂತಿದ್ದರೆ ಸರಿ. ಹೆಲ್ಮೆಟ್ಟು, ಹಿಂದಿನ ಕೆಂಪು ದೀಪ ಊರಿನಿಂದಲೇ ಒಯ್ಯಿರಿ. ಮೊಬೈಲಿನ ನಕ್ಷೆ ಮೋಟಾರ್ ಬೈಕಿಗೆ ತೋರಿಸುವ ದಾರಿ ಮೇಲ್ಸೇತುವೆ ಹತ್ತಿಸುತ್ತದೆ, ಸೈಕಲ್ಲಿಗೆ ಕೆಳಗಿನ ಸರ್ವೀಸ್ ರಸ್ತೆಯೇ ಕ್ಷೇಮ. ಎಲೆಕ್ಟ್ರಾನಿಕ್ ಸಿಟಿಯ ಎತ್ತರಿಸಿದ ರಸ್ತೆಗಂತೂ ಸೈಕಲ್ ಹತ್ತಿಸಲೇಬೇಡಿ. ದೊಡ್ಡ ಜಂಕ್ಷನ್ನಿನಲ್ಲಿ ಬಲಕ್ಕೆ ತಿರುಗಬೇಕಾದಾಗ ಇಳಿದು, ಪಾದಚಾರಿಗಳ ಜೊತೆ ತಳ್ಳಿಕೊಂಡು ದಾಟಿ. ಮೋರಿಯ ಮೇಲಿನ ಕಬ್ಬಿಣದ ಜಾಲರಿ ಕಂಡರೆ ಅಡ್ಡಲಾಗಿ ದಾಟಬೇಕು, ಉದ್ದಕ್ಕೆ ಹೋದರೆ ಸಪೂರ ಟಯರು ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಭಾನುವಾರ ಕಬ್ಬನ್ ಪಾರ್ಕಿನೊಳಗೆ ಮೋಟಾರು ವಾಹನಗಳಿರುವುದಿಲ್ಲ. ಎಂ.ಜಿ. ರಸ್ತೆ ಕಡೆಯಿಂದ ಹಡ್ಸನ್ ವೃತ್ತದ ಕಡೆಗೆ ಬರುವವರಿಗೆ ಅದಕ್ಕಿಂತ ನೆಮ್ಮದಿಯ ದಾರಿ ಇಲ್ಲ.

ಬಿಚ್ಚುವ ಕೆಲಸ

15ರ ಪಾನಾ, ಒಂದು ಕಟ್ಟು ಅಲೆನ್ ಕೀ, ಟ್ಯೂಬಿನ ಸೀಳು, ಹಳೆ ಪತ್ರಿಕೆ, ಅಗಲದ ಟೇಪು: ಚೀಲದಲ್ಲಿ ಇಷ್ಟಿದ್ದರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಬಿಚ್ಚಲೇಬೇಕಾದದ್ದು ಪೆಡಲ್. ಅದು ಉಳಿದರೆ ಪಕ್ಕದ ಸಾಮಾನಿಗೂ ಗಾಯ, ಇಳಿಸುವವರ ಮೊಣಕಾಲಿಗೂ ಗಾಯ. ಇಲ್ಲಿ ಬಹಳ ಮಂದಿ ಎಡವುತ್ತಾರೆ. ಬಲ ಪೆಡಲ್ ಎಲ್ಲ ನಟ್ಟುಗಳಂತೆ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಎಡ ಪೆಡಲಿನ ಮರೆ ಉಲ್ಟಾ, ಬಲಕ್ಕೆ ತಿರುಗಿಸಬೇಕು. ಪಾನಾದ ಹಿಡಿ ಮೇಲ್ಮುಖವಾಗಿರುವಂತೆ ಕೂರಿಸಿ ಹಿಂದಿನ ಚಕ್ರದ ಕಡೆಗೆ ಎಳೆಯಬೇಕು ಎಂದು ನೆನಪಿಟ್ಟರೆ ಎರಡಕ್ಕೂ ಅದೇ ಸೂತ್ರ. ಬಿಚ್ಚಿದ ಮೇಲೆ ಪೆಡಲುಗಳ ಮೇಲೆ ಎಡ, ಬಲ ಎಂದು ಟೇಪು ಅಂಟಿಸಿ ಬರೆಯಿರಿ. ಅದಲುಬದಲು ಮಾಡಿ ಬಲವಂತವಾಗಿ ತಿರುಗಿಸಿದರೆ ಕ್ರ್ಯಾಂಕಿನ ಮರೆಯೇ ಸವೆದು ಅದನ್ನೇ ಬದಲಿಸಬೇಕಾಗುತ್ತದೆ.

ಎರಡನೆಯದು ಹ್ಯಾಂಡಲ್. ಹೊಸ ಮಾದರಿಯಲ್ಲಿ ಹ್ಯಾಂಡಲ್ ಹಿಡಿದಿರುವ ತುಂಡಿನ ಪಕ್ಕದ ಎರಡು ಬೋಲ್ಟು ಸಡಿಲಿಸಿದರೆ ಅದನ್ನು ಫ್ರೇಮಿಗೆ ಸಮನಾಗಿ ತಿರುಗಿಸಬಹುದು, ನೆತ್ತಿಯ ಬೋಲ್ಟಿಗೆ ಕೈಹಾಕುವ ಅಗತ್ಯವಿಲ್ಲ. ಹಳೆ ಮಾದರಿಯಲ್ಲಿ ಮೇಲಿನ ಒಂದೇ ಬೋಲ್ಟನ್ನು ಎರಡು ಸುತ್ತು ಸಡಿಲಿಸಿ ಮೆಲ್ಲಗೆ ತಟ್ಟಬೇಕು. ಮುಂದಿನ ಚಕ್ರ ತೆಗೆದರೆ ಫೋರ್ಕಿನ ಎರಡು ಕಾಲುಗಳ ನಡುವೆ ಮರದ ತುಂಡು ಕೂರಿಸಿ, ಅದುಮಿದಾಗ ಒಳಕ್ಕೆ ಬಾಗದಂತೆ. ಡಿಸ್ಕ್ ಬ್ರೇಕಾದರೆ ಪ್ಯಾಡುಗಳ ನಡುವೆ ಮಡಚಿದ ರಟ್ಟು ಇಡಲೇಬೇಕು. ಆಯಿಲ್ ಬ್ರೇಕಿನ ಹಿಡಿಯನ್ನು ಚಕ್ರ ಇಲ್ಲದಾಗ ಯಾರಾದರೂ ಒತ್ತಿದರೆ ಪ್ಯಾಡುಗಳು ಅಂಟಿಕೊಂಡು ಬಿಡಿಸುವುದು ಕಷ್ಟ. ಟಯರಿನ ಗಾಳಿ ಪೂರ್ತಿ ಬಿಡಬೇಡಿ, ಅರ್ಧ ಗಾಳಿ ರಿಮ್ಮನ್ನು ಕಾಯುತ್ತದೆ. ಬಿಚ್ಚಿದ ನಟ್ಟು, ಬೋಲ್ಟು, ಸ್ಪ್ರಿಂಗುಗಳನ್ನೆಲ್ಲ ಒಂದೇ ಪೊಟ್ಟಣದಲ್ಲಿ ಕಟ್ಟಿ ನಿಮ್ಮ ಜೇಬಿನಲ್ಲಿಟ್ಟುಕೊಳ್ಳಿ, ಪೆಟ್ಟಿಗೆಯಲ್ಲಿ ಬೇಡ. ದೀಪ, ಬೆಲ್ಲು, ಪಂಪು, ನೀರಿನ ಬಾಟಲಿಯೂ ನಿಮ್ಮ ಬ್ಯಾಗಿಗೇ ಹೋಗಲಿ.

ಜೂನ್‌ನಿಂದ ಸೆಪ್ಟೆಂಬರ್ ನಡುವೆ ತರುವವರು ಸೀಟಿಗೂ ಚೈನಿಗೂ ಪ್ಲಾಸ್ಟಿಕ್ ಸುತ್ತುವುದು ಒಳ್ಳೆಯದು. ಬೆಂಗಳೂರಿನಲ್ಲಿ ಬಿಸಿಲಿದ್ದರೂ ತರೀಕೆರೆ ದಾಟುವ ಹೊತ್ತಿಗೆ ಮಳೆ ಹಿಡಿದಿರುತ್ತದೆ.

ರೈಲೋ ಬಸ್ಸೋ

ರೈಲಿನಲ್ಲಿ ನಿಮ್ಮ ಬೋಗಿಯೊಳಗೆ ಸೈಕಲ್ ಇಟ್ಟುಕೊಳ್ಳುವ ಹಾಗಿಲ್ಲ. ಪ್ರಯಾಣಿಕರಿಗಿರುವ ಉಚಿತ ತೂಕದ ಮಿತಿಯೂ ಸೈಕಲ್ಲಿಗೆ ಅನ್ವಯಿಸುವುದಿಲ್ಲ. ಪಾರ್ಸೆಲ್ ಕಚೇರಿಯಲ್ಲಿ ಹಣ ಕಟ್ಟಿ ಬ್ರೇಕ್‌ವ್ಯಾನಿಗೆ ಹಾಕಿಸಬೇಕು. ನಿಮ್ಮ ಪ್ರಯಾಣದ ಟಿಕೆಟ್ ತೋರಿಸಿ ಅದೇ ಗಾಡಿಗೆ ಹಾಕಿಸಿದರೆ ಅದು ಲಗೇಜ್. ಟಿಕೆಟ್ ಇಲ್ಲದೆ ಕಳಿಸಿದರೆ ಪಾರ್ಸೆಲ್, ಜಾಗ ಸಿಕ್ಕ ಗಾಡಿಯಲ್ಲಿ ಬರುತ್ತದೆ. ಸೈಕಲ್ ತರುವವರಿಗೆ ಲಗೇಜೇ ಸರಿ. ನಿಮ್ಮ ಗಾಡಿ ಬ್ರೇಕ್‌ವ್ಯಾನಿನಲ್ಲಿ ಲಗೇಜ್ ಒಯ್ಯುತ್ತದೆಯೇ ಎಂದು ಟಿಕೆಟ್ ಮಾಡಿಸುವ ಮೊದಲೇ ಪಾರ್ಸೆಲ್ ಕಚೇರಿಯಲ್ಲಿ ಕೇಳಿ. ಗುರುತಿನ ಚೀಟಿಯ ಪ್ರತಿ ಜೊತೆಗಿರಲಿ, ಗಾಡಿ ಹೊರಡುವುದಕ್ಕೆ ಒಂದೆರಡು ಗಂಟೆ ಮೊದಲೇ ತಲುಪಿ. ಸೈಕಲ್ಲಿನ ಬೆಲೆ ಘೋಷಿಸಿ ಅದಕ್ಕೆ ತಕ್ಕ ಹೆಚ್ಚುವರಿ ಶುಲ್ಕ ಕಟ್ಟದಿದ್ದರೆ, ಹಾನಿಯಾದಾಗ ರೈಲ್ವೆ ಕೊಡುವ ಪರಿಹಾರ ತೂಕದ ಲೆಕ್ಕದ ಮಿತಿಯಲ್ಲಿರುತ್ತದೆ. ದುಬಾರಿ ಸೈಕಲ್ಲಾದರೆ ಈ ಶುಲ್ಕ ಕಟ್ಟಿಬಿಡಿ.

ಶಿವಮೊಗ್ಗದವರು ಗಮನಿಸಬೇಕಾದ ಮಾತೊಂದಿದೆ. ಮೈಸೂರು–ತಾಳಗುಪ್ಪ ಗಾಡಿ ರಾತ್ರಿ ಹೊರಟು ನಸುಕಿನಲ್ಲಿ ಶಿವಮೊಗ್ಗ ಮುಟ್ಟುತ್ತದೆ, ಆದರೆ ಅಲ್ಲಿಗೆ ನಿಲ್ಲುವುದಿಲ್ಲ. ಇಳಿಸುವವರ ಕಣ್ಣಿಗೆ ನಿಮ್ಮ ಸೈಕಲ್ ಬೀಳದಿದ್ದರೆ ಅದು ಆನಂದಪುರ, ಸಾಗರ ನೋಡಿಕೊಂಡು ತಾಳಗುಪ್ಪಕ್ಕೆ ಹೋಗಿಬಿಡುತ್ತದೆ. ಆದಷ್ಟೂ ಶಿವಮೊಗ್ಗದಲ್ಲೇ ಕೊನೆಗೊಳ್ಳುವ ಗಾಡಿ ಆರಿಸಿ. ತಾಳಗುಪ್ಪ ಗಾಡಿಯೇ ಆದರೆ, ನಿಂತ ಕೂಡಲೇ ಬ್ರೇಕ್‌ವ್ಯಾನಿನ ಬಳಿಗೆ ನಡೆದು ರಸೀದಿ ತೋರಿಸಿ ನಿಂತುಕೊಳ್ಳಿ. ಭದ್ರಾವತಿಯವರಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಅಲ್ಲಿ ಗಾಡಿ ನಿಲ್ಲುವುದೇ ಸ್ವಲ್ಪ ಹೊತ್ತು. ಶಿವಮೊಗ್ಗಕ್ಕೆ ಬುಕ್ ಮಾಡಿಸಿ, ಅಲ್ಲಿಂದ ಬಿ.ಎಚ್. ರಸ್ತೆಯಲ್ಲಿ ಗೂಡ್ಸ್ ಆಟೊದಲ್ಲಿ ತರುವುದು ಸುತ್ತಾದರೂ ನಿಶ್ಚಿಂತೆ. ಸೈಕಲ್ಲಿನ ಎರಡು ಕಡೆ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ "ಶಿವಮೊಗ್ಗ ಟೌನ್" ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು, ಕೆಳಗೆ ಹೆಸರು, ಮೊಬೈಲ್ ನಂಬರು ಹಾಕಿ. ಪೆಟ್ಟಿಗೆಯ ಮೇಲೆ ಹಳೆ ವಿಳಾಸದ ಚೀಟಿಗಳಿದ್ದರೆ ಕಿತ್ತುಹಾಕಿ. ಬಂದ ಸಾಮಾನನ್ನು ತಡವಾಗಿ ಬಿಡಿಸಿಕೊಂಡರೆ ವಾರ್ಫೇಜ್ ಎಂಬ ಹೆಚ್ಚುವರಿ ಶುಲ್ಕ ಬೀಳುತ್ತದೆ. ಬರಬೇಕಾದದ್ದು ಬರದಿದ್ದರೆ 139ಕ್ಕೆ ಕರೆ ಮಾಡಿ ರಸೀದಿಯ ನಂಬರು ಕೊಡಿ.

ಬಸ್ಸಾದರೆ ಎಲ್ಲವೂ ಡಿಕ್ಕಿಯ ಜಾಗ ಮತ್ತು ಕಂಡಕ್ಟರರ ಒಪ್ಪಿಗೆಯ ಮೇಲೆ. ಕೆಎಸ್ಆರ್‌ಟಿಸಿಯಲ್ಲಿ ಒಬ್ಬರಿಗೆ 30 ಕೆ.ಜಿ. ಉಚಿತವಿದ್ದರೂ ಸೈಕಲ್ ಜಾಗ ತಿನ್ನುವ ಸಾಮಾನು, ಲಗೇಜ್ ಟಿಕೆಟ್ ಕೇಳುತ್ತಾರೆ. ಖುಷಿಯಿಂದ ತೆಗೆದುಕೊಳ್ಳಿ, ಆ ಟಿಕೆಟ್ಟೇ ನಿಮ್ಮ ದಾಖಲೆ. ಖಾಸಗಿ ಸ್ಲೀಪರ್ ಬಸ್ಸಿನಲ್ಲಿ ಹಗಲೇ ಕಚೇರಿಗೆ ಹೋಗಿ ಮಾತಾಡಿ ರಸೀದಿ ಬರೆಸಿಕೊಳ್ಳಿ. ರಾತ್ರಿ ಹತ್ತಕ್ಕೆ ಬಸ್ಸಿನ ಬಾಗಿಲಲ್ಲಿ ಮಾತಾಡುವಾಗ ದರ ಅವರು ಹೇಳಿದ್ದೇ ಆಗುತ್ತದೆ. ಡಿಕ್ಕಿಯಲ್ಲಿ ಮಲಗಿಸಲೇಬೇಕು, ಗೇರಿನ ಮಗ್ಗುಲು ಮೇಲಿರಲಿ, ಸೈಕಲ್ಲಿನ ಮೇಲೆ ಮೂಟೆ ಬೀಳದಂತೆ ಕೊನೆಯಲ್ಲಿ ಇಡಿಸಿ. ನೀವು ಜೊತೆಗೆ ಬರಲಾಗದಿದ್ದರೆ 2021ರಿಂದ ಇರುವ ಕೆಎಸ್ಆರ್‌ಟಿಸಿಯ ನಮ್ಮ ಕಾರ್ಗೋ ಕೌಂಟರಿನಲ್ಲಿ ವಿಚಾರಿಸಬಹುದು. ಅದಕ್ಕಂತೂ ರಟ್ಟಿನ ಪೆಟ್ಟಿಗೆಯೇ ಬೇಕೆಂದುಕೊಳ್ಳಿ.

ಶಿವಮೊಗ್ಗದಲ್ಲಿ ಇಳಿಸಿಕೊಂಡ ಮೇಲೆ ರಸೀದಿಗೆ ಸಹಿ ಹಾಕುವ ಮೊದಲು ಕಟ್ಟು ಬಿಚ್ಚಿ ನೋಡಿ. ಫ್ರೇಮ್ ಜಜ್ಜಿದ್ದರೆ, ಚಕ್ರ ಸೊಟ್ಟಗಿದ್ದರೆ ಅಲ್ಲೇ ಫೋಟೊ ತೆಗೆದು, ಹಾನಿಯಾಗಿದೆ ಎಂದು ಬರೆಸಿ, ಆಮೇಲೆ ಸಹಿ ಹಾಕಿ. ಮನೆಗೆ ತಂದು ಹೂಡಿದ ಮೇಲೆ ಹ್ಯಾಂಡಲ್ ನೇರ ಇದೆಯೇ, ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು ತಿರುವಿದರೆ ಹ್ಯಾಂಡಲ್ ಜಾರುತ್ತದೆಯೇ, ಚಕ್ರ ತಿರುಗುವಾಗ ಬ್ರೇಕಿಗೆ ತಾಗುತ್ತದೆಯೇ ಎಂದು ಪರೀಕ್ಷಿಸಿ. ಇಷ್ಟೂ ಸರಿಯಿದ್ದರೆ ಬೀದಿಯಲ್ಲಿ ಒಂದು ಸುತ್ತು ಹಾಕಿ, ನೇರ ಸೈಕಲ್ ಶಾಪಿಗೆ ಕೊಡಿ. ಬ್ರೇಕ್ ಪ್ಯಾಡು, ವಯರು, ಚೈನಿನ ಸವೆತ ನೋಡಿಸಿ, ಸೊಟ್ಟ ಇದ್ದರೆ ಬೆಂಡ್ ತೆಗೆಸಿ. ಪೆಡಲಿನ ಮರೆಗೆ ಸ್ವಲ್ಪ ಗ್ರೀಸ್ ಹಚ್ಚಿ ಕೂರಿಸಲು ಹೇಳಿ. ಒಂದು ವಾರ ಓಡಿಸಿದ ಮೇಲೆ ಪೆಡಲ್, ಕ್ರ್ಯಾಂಕ್, ಹ್ಯಾಂಡಲ್ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಬೇಕು. ಬಿಚ್ಚಿ ಹೂಡಿದ ಸೈಕಲ್ಲಿನಲ್ಲಿ ಅವು ಮೊದಲ ವಾರದಲ್ಲೇ ಸಡಿಲವಾಗುವುದು.